ತಮ್ಮನ ಎಡೆಗೆ ಯಾವ ಹಾಡು

ಸಂಜೆ ಆರು ಗಂಟೆ. ಇವತ್ತೆಲ್ಲ ನಾಳೆಯ ನನ್ನ ತಮ್ಮನ ತಿಥಿಗೆ ಸಾಮಾನು ತರುವುದೇ ಆಯಿತು, ಗೆಳೆಯರೇ. ಅವನಿಗೆ ಇಷ್ಟವಾದದ್ದನ್ನೆಲ್ಲ ಎಡೆಗೆ ಇಡಬೇಕು. ಮುದ್ದೆ, ಕೋಳಿಸಾರು, ಒಂದು ಪ್ಯಾಕು ಸಿಗರೇಟು ಸುಲಭ. ಕಷ್ಟವಾದದ್ದು ಹಾಡು.

ಅವನಿಗೆ ಇಂಗ್ಲಿಷಿನ ಒಬ್ಬ ಹಳೇ ರಾಕ್ ಗಾಯಕನೆಂದರೆ ಪ್ರಾಣ. ಆತನ ಹತ್ತು ಹಾಡುಗಳನ್ನು ಕ್ಯಾಸೆಟ್ಟಿಗೆ ತುಂಬಿಸಿ, ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ನಂಬರು ಕೊಟ್ಟಿದ್ದ. ಒಂದನೇ ನಂಬರನ್ನು ಅಳಿಸಿ ಅಳಿಸಿ ಬರೆದು ಅಲ್ಲಿ ರಟ್ಟೇ ತೂತಾಗಿದೆ.

"ಒಂದೇ ಹಾಡು ಕಣ್ಲಾ," ಅಂದರು ಚಿಕ್ಕಪ್ಪ. "ಆ ಅರಚಾಟ ಕೇಳಿ ಎಡೆ ಮುಟ್ಟೋಕೆ ಕಾಗೆ ಬತ್ತದೇನ್ಲಾ?"

ನಾನು ನಿಧಾನದ ಹಾಡು ಹಾಕೋಣ ಅಂದೆ. ತಮ್ಮನ ಗೆಳೆಯ, ಶ್ರೀರಂಗಪಟ್ಟಣದ ಮೆಕ್ಯಾನಿಕ್ ರಫೀಕ್, ಡ್ರಮ್ಮಿನದು ಅಂದ. "ನಿಮ್ಗೇನ್ ಗೊತ್ತಣ್ಣ? ಆ ಅಳೋ ಹಾಡು ಅವ್ನಿಗೆ ಮೂರನೇದು."

ನನಗೆ ಸಿಟ್ಟು ಬಂತು. ಒಂದು ಗಂಟೆ ಜಗಳವಾಡಿದೆವು.

ಅಕ್ಕಿ ಆರಿಸುತ್ತಿದ್ದ ಅವ್ವ ತಲೆ ಎತ್ತಲಿಲ್ಲ. "ಎಡೆಗೆ ಒಂದೇ ತಿಂಡಿ ಇಕ್ತೀವಾ? ಎಲ್ಲಾನೂ ಆಕ್ರಪ್ಪ. ನನ್ ಮಗ ಬೇಕಾದ್ದು ಆರಿಸ್ಕತಾನೆ."

ಹತ್ತೂ ಹಾಡು ಹಾಕುವುದೆಂದು ಆಯಿತು. ನಾಳೆ ಹತ್ತರಿಂದ ಎರಡರವರೆಗೆ ಕರೆಂಟು ಇರುವುದಿಲ್ಲ. ರಫೀಕ್ ಟೇಪಿಗೆ ನಾಲ್ಕು ಸೆಲ್ ತರುತ್ತಾನೆ.