ಒಂದು ಹೆಣ್ಣಿಗೆ ಒಂದು ಹಾಡು

ಮೊನ್ನೆ ಕುಂದಾಪುರದ ಸಂತೆಯಲ್ಲಿ ಒಣಮೀನಿನ ಸಾಲು ದಾಟಿ ಬರುವಾಗ, ಕಣ್ಣಿಗೆ ಕಾಣುವ ಮೊದಲೇ ಸುರಗಿ ಹೂವಿನ ಘಮ ಮೂಗಿಗೆ ಬಡಿಯಿತು. ಬುಟ್ಟಿಯ ಮೂಲೆಯಲ್ಲಿ ಬಾಳೆಲೆಯ ಮೇಲೆ ಸುರುಳಿ ಸುತ್ತಿಟ್ಟ ನಾಲ್ಕೈದು ಮಾಲೆ, ಅಷ್ಟೇ. ನಾನು ಹೂ ಮುಡಿಯುವವಳಲ್ಲ. ಆದರೂ ಕಾಲು ಅಲ್ಲೇ ನಿಂತಿತು. "ಹ್ವಾಯ್ ಅಕ್ಕಾ, ಮನ್ಯಂಗೆ ಮದಿ ಇತ್ತಾ?" ಎಂದು ಕೇಳಿದಳು ಹೂವಿನವಳು. ಮದುವೆಗಲ್ಲ, ಸುಮ್ಮನೆ ಎಂದು ಒಂದು ಮಾಲೆ ತೆಗೆದುಕೊಂಡೆ. ಸುರಗಿಯ ಗುಣ ನಿಮಗೆ ಗೊತ್ತಿದ್ದೀತು. ಸಂಜೆಗೆ ಬಾಡಿ ಮುಗಿದುಹೋಗುವ ಹೂವಲ್ಲ ಅದು. ಒಣಗಿ ಕಂದುಬಣ್ಣಕ್ಕೆ ತಿರುಗಿದ ಮೇಲೂ ಪೆಟ್ಟಿಗೆಯೊಳಗಿನ ಸೀರೆಗೆ, ಸೀರೆಯ ಅಡಿಯಲ್ಲಿಟ್ಟ ಕಾಗದಕ್ಕೆ ವರ್ಷಗಟ್ಟಲೆ ಘಮ ಕೊಡುತ್ತಲೇ ಇರುತ್ತದೆ. ಬಸ್ಸಿನಲ್ಲಿ ಮಡಿಲ ಮೇಲೆ ಆ ಪೊಟ್ಟಣವಿಟ್ಟುಕೊಂಡು ತಲ್ಲೂರಿಗೆ ಬರುವಷ್ಟರಲ್ಲಿ ನಾನು ವಂಡ್ಸೆಯ ನಮ್ಮ ಮನೆಯ ಅಡುಗೆಕೋಣೆಯಲ್ಲಿದ್ದೆ. ಆ ಮನೆ ಈಗಿಲ್ಲ. ಅದಿದ್ದ ಜಾಗದಲ್ಲಿ ಗೇರುಬೀಜದ ಗೋದಾಮು ನಿಂತಿದೆ.

ಆ ಅಡುಗೆಕೋಣೆ ಪದ್ದತ್ತೆಯದು. ನನ್ನ ಅಪ್ಪಯ್ಯನ ಅಕ್ಕ. ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು ಮತ್ತೆ ಎಲ್ಲಿಗೂ ಹೋಗಲಿಲ್ಲ. ಪುಟ್ಟ ಮೈ, ದೊಡ್ಡ ಕಣ್ಣು, ಯಾರನ್ನೂ ಬಿಡದೆ ಗೇಲಿ ಮಾಡುವ ಬಾಯಿ. ಬೆಳಿಗ್ಗೆ ಗಂಜಿಗಿಟ್ಟು ರಾತ್ರಿ ಒಲೆ ಸಾರಿಸುವವರೆಗೆ ಮನೆಯ ಕೆಲಸವೆಲ್ಲ ಅವಳ ಮೈಮೇಲೇ. ಆದರೆ ಊರಿನಲ್ಲಿ ಅವಳ ಹೆಸರು ನಡೆಯುತ್ತಿದ್ದುದು ಅಡುಗೆಯಿಂದಲ್ಲ, ಶೋಭಾನೆಯಿಂದ. ಸುತ್ತಮುತ್ತ ಯಾವ ಮನೆಯಲ್ಲಿ ಹುಡುಗಿಗೆ ಮದುವೆ ಗೊತ್ತಾದರೂ ಆ ಮನೆಯ ಹೆಂಗಸರು ಮೊದಲು ನಮ್ಮ ಹಿತ್ತಿಲ ಬಾಗಿಲಿಗೆ ಬರುತ್ತಿದ್ದರು. "ಪದ್ದಕ್ಕಾ, ನಮ್ ಹೆಣ್ಣಿಗೆ ಒಂದ್ ಹಾಡ್ ಆಯ್ಕಲೆ." ಎಲ್ಲರ ಮದುವೆಗೂ ಒಂದೇ ಹಾಡು ಹೇಳುವ ಕಾಲವಾಗಿರಲಿಲ್ಲ ಅದು, ಕನಿಷ್ಠ ನಮ್ಮ ಊರಿನಲ್ಲಿ. ಒಂದು ಹೆಣ್ಣಿಗೆ ಒಂದು ಹಾಡು. ಆ ಹಾಡಿನಲ್ಲಿ ಆ ಹೆಣ್ಣಿನ ಹೆಸರು, ಅವಳ ಮನೆಯ ಬಾವಿ, ಅವಳಿಗೆ ಮಾತ್ರ ಹಾಲು ಬಿಡುವ ದನ, ಅವಳ ಜಡೆ ಎಳೆದು ಪೆಟ್ಟು ತಿಂದ ತಮ್ಮ, ಎಲ್ಲರೂ ಇರಬೇಕು.

ಅದಕ್ಕೆ ಪದ್ದತ್ತೆಯದು ಒಂದೇ ಕರಾರು. ಮದುಮಗಳ ಮನೆಯಲ್ಲಿ ಒಂದು ಹೊತ್ತು ಊಟ ಮಾಡದೆ ಅವಳು ಪೆನ್ನು ಹಿಡಿಯುತ್ತಿರಲಿಲ್ಲ. ಊಟದ ದಿನ ನಾನೂ ಅವಳ ಸೆರಗು ಹಿಡಿದು ಹೋಗುತ್ತಿದ್ದೆ; ಹಾಡಿನ ಮೇಲಿನ ಆಸೆಗಿಂತ ಪಾಯಸದ ಮೇಲಿನ ಆಸೆ ಹೆಚ್ಚು ಎಂದು ಅವಳು ದಾರಿಯುದ್ದಕ್ಕೂ ನನ್ನನ್ನು ರೇಗಿಸುತ್ತಿದ್ದಳು. ಉಂಡಾದ ಮೇಲೆ ಹುಡುಗಿಯನ್ನು ಬಾವಿಕಟ್ಟೆಗೆ ಕರೆದೊಯ್ದು ಪಕ್ಕದಲ್ಲಿ ಕೂರಿಸಿಕೊಂಡು ಏನೇನೋ ಕೇಳುವಳು. ಗುಡುಗಿಗೆ ಹೆದರ್ತ್ಯಾ? ಕಡೆಯ ಸಲ ಅತ್ತದ್ದು ಎಂತಕ್ಕೆ? ಬಂಗುಡೆ ಮೀನಿನ ಗಸಿಯಲ್ಲಿ ನಿನಗೆ ಯಾವ ತುಂಡು? ಹುಡುಗಿ ನಾಚಿ, ನಕ್ಕು, ಕೊನೆಗೆ ಮನೆಯವರಿಗೂ ಹೇಳದ್ದನ್ನು ಹೇಳಿಬಿಡುತ್ತಿದ್ದಳು. ಮದುವೆಯ ದಿನ ಚಪ್ಪರದಲ್ಲಿ ಹಾಡು ಶುರುವಾದರೆ ಗಂಡಿನ ಕಡೆಯ ಹೆಂಗಸರು ಕಿವಿಗೊಟ್ಟು ಕೂರುವರು. ಏಕೆಂದರೆ ಕೊನೆಯ ನುಡಿ ಯಾವಾಗಲೂ ಅವರಿಗೇ. "ಕೊಂಡು ಹೋಪವರೇ ಕೇಳಿ" ಎಂದು ಅದು ಶುರುವಾಗುತ್ತಿತ್ತು. ನಮ್ಮ ಹೆಣ್ಣು ಹೀಗೆ, ಬೆಳಿಗ್ಗೆ ಏಳುವುದು ತುಸು ತಡ, ಗುಡುಗಿದರೆ ಯಾರಾದರೂ ಹತ್ತಿರ ಕೂರಿ, ಮೀನಿನ ತಲೆ ಅವಳ ಬಟ್ಟಲಿಗೆ ಹಾಕಿ. ಚಪ್ಪರವೆಲ್ಲ ನಗುತ್ತಿತ್ತು, ಮದುಮಗಳು ತಲೆ ತಗ್ಗಿಸಿ ಅಳುತ್ತಿದ್ದಳು. ಆಲೂರಿಗೆ ಹೋದ ಹುಡುಗಿಯೊಬ್ಬಳು ತವರಿಗೆ ಬಂದಾಗ ಹೇಳಿದ್ದು ನೆನಪಿದೆ. ಮೊದಲ ಮಳೆಗಾಲದಲ್ಲಿ ಗುಡುಗಿದಾಗ ಅವಳ ಅತ್ತೆ ದೀಪ ಹಿಡಿದುಕೊಂಡು ಬಂದು ಅವಳ ಹತ್ತಿರ ಕೂತಿದ್ದರಂತೆ. ಪದ್ದತ್ತೆ ಅದನ್ನು ಕೇಳಿ ಅಂದು ಇಡೀ ದಿನ ಕಾರಣವಿಲ್ಲದೆ ನಮಗೆಲ್ಲ ಬೆಲ್ಲ ಹಂಚಿದ್ದಳು.

ಹಾಡು ಬರೆಯುತ್ತಿದ್ದುದು ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ. ಬರೆದದ್ದರ ಪ್ರತಿ ಇಟ್ಟುಕೊಂಡವಳಲ್ಲ. ಮದುವೆ ಮುಗಿದ ಮೇಲೆ ಆ ಕಾಗದವನ್ನು ಮಡಿಸಿ, ಮಡಿಕೆಯೊಳಗೆ ಒಂದು ತುಂಡು ಸುರಗಿ ಮಾಲೆ ಇಟ್ಟು ಹುಡುಗಿಯ ಪೆಟ್ಟಿಗೆಗೆ ಹಾಕುವುದು ಪದ್ಧತಿ. ಯಾರಾದರೂ ದುಡ್ಡಿನ ಮಾತೆತ್ತಿದರೆ, ಎಂಜಲು ಕೈ ತೊಳೆಯುವವಳ ಹಾಗೆ ಎದ್ದು ಹೋಗಿಬಿಡುತ್ತಿದ್ದಳು. ನಾನೊಮ್ಮೆ, ಒಂದಾದರೂ ಇಟ್ಟುಕೊಳ್ಳಬಾರದಿತ್ತೇ ಎಂದೆ. "ಆ ಹೆಣ್ಣಿನ್ ಹಾಡ್ ಆ ಹೆಣ್ಣಿಗೆ. ನಾನ್ ಇಟ್ಕಂಡ್ ಎಂತ ಮಾಡುದ್?" ಎಂದಳು. ಸರಿ, ಹಾಗಾದರೆ ನನ್ನ ಹಾಡು ಯಾವಾಗ ಎಂದು ಕೇಳಿದೆ. ಅವಳು ನನ್ನ ಮೂಗು ಹಿಂಡಿ, "ನಿನ್ ಮದಿಗೆ, ಮತ್ತೆಂತಕೆ? ಬರ್ದ್ರೆ ಊರೇ ನಗಾಡ್ಕ್, ಹಂಗೆ ಬರಿತೆ," ಎಂದಳು. ಅಂದಿನಿಂದ ನಾನು ಮದುವೆಗಾಗಿ ಅಲ್ಲ, ಆ ಹಾಡಿಗಾಗಿ ಕಾದೆ.

ಒಂದು ವಿಷಯ ಮಾತ್ರ ನನಗೆ ತಿಳಿಯುವುದಕ್ಕೆ ಬಹಳ ದಿನ ಹಿಡಿಯಿತು. ಇಷ್ಟೆಲ್ಲ ಬರೆದ ಪದ್ದತ್ತೆ ಒಂದು ದಿನವೂ ಚಪ್ಪರದೊಳಗೆ ನಿಂತು ಹಾಡಿದವಳಲ್ಲ. ಹಾಡುತ್ತಿದ್ದವಳು ಸುಬ್ಬಕ್ಕ, ನಮ್ಮ ನೆರೆಮನೆಯವಳು. ಅಕ್ಷರ ಬಾರದು, ಗಂಟಲು ಮಾತ್ರ ಗದ್ದೆಯಾಚೆಗೂ ಕೇಳಬೇಕು. ಮದುವೆಗೆ ಮೊದಲು ಸುಬ್ಬಕ್ಕ ಬಂದು ಒಲೆಯ ಪಕ್ಕ ಕೂತರೆ, ಪದ್ದತ್ತೆ ಕಾಯಿ ಹೆರೆಯುತ್ತಾ ಸಾಲುಸಾಲಾಗಿ ಹೇಳಿಕೊಡುತ್ತಿದ್ದಳು. ಅದೂ ರಾಗವಿಲ್ಲದೆ, ಶಾಲೆಯಲ್ಲಿ ಮಗ್ಗಿ ಒಪ್ಪಿಸಿದ ಹಾಗೆ. ರಾಗ ಹಾಕಿಕೊಳ್ಳುವುದು ಸುಬ್ಬಕ್ಕನ ಕೆಲಸ. ಗಂಡ ಸತ್ತವಳ ಬಾಯಲ್ಲಿ ಮದುವೆಯ ಹಾಡು ಬರಬಾರದು ಎಂದು ಎಂದೋ ಅಜ್ಜಿ ಹೇಳಿದ್ದಳಂತೆ. ಅಜ್ಜಿ ಸತ್ತು ಎಷ್ಟೋ ಕಾಲವಾದರೂ ಆ ಮಾತು ಮನೆಯಲ್ಲಿ ಉಳಿದುಕೊಂಡಿತ್ತು. ಚಪ್ಪರದಲ್ಲಿ ಹಾಡು ನಡೆಯುವಾಗ ಪದ್ದತ್ತೆ ಅಡುಗೆಯವರ ನಡುವೆ ಕೂತು ಸೌತೆಕಾಯಿ ಹೆಚ್ಚುತ್ತಾ, ಸುಬ್ಬಕ್ಕ ಒಂದು ಪದ ಬಿಟ್ಟರೂ ಕತ್ತಿ ನಿಲ್ಲಿಸಿ ಮುಖ ಸಿಂಡರಿಸುವಳು. ನನಗೆ ಆ ಅಜ್ಜಿಯ ಮೇಲೆ ಈಗಲೂ ಸಿಟ್ಟಿದೆ.

ಬೈಂದೂರಿನ ಕಡೆಯ ಒಬ್ಬರು, ಬೊಂಬಾಯಿಯಲ್ಲಿ ಹೋಟೆಲಿದ್ದವರು, ಮಗಳ ಮದುವೆಯನ್ನು ಊರಿನಲ್ಲಿ ಇಟ್ಟುಕೊಂಡರು. ಹಾಡಿಗೆಂದು ಜನ ಕಳಿಸಿದರು. ಜೊತೆಗೊಂದು ಸ್ವೀಟಿನ ಡಬ್ಬಿ, ಅದರ ಅಡಿಯಲ್ಲಿ ನೋಟಿನ ಲಕೋಟೆ. ಪದ್ದತ್ತೆ ಸ್ವೀಟು ತೆಗೆದು ನಮಗೆ ಹಂಚಿ, ಲಕೋಟೆಯನ್ನು ಅದೇ ಡಬ್ಬಿಯಲ್ಲಿಟ್ಟು ವಾಪಸು ಕೊಟ್ಟಳು. "ದುಡ್ಡ್ ಬ್ಯಾಡ. ನಂಗ್ ಬೊಂಬಾಯಿಗೆ ಬಪ್ಪುಕಾತಿಲ್ಲೆ. ಹೆಣ್ಣನ್ ಕಳ್ಸಿನಿ, ಅದ್ ನಮ್ಮನಿ ಊಟ ಮಾಡ್ಲಿ." ದೊಡ್ಡ ಮನುಷ್ಯರು ಇದಕ್ಕೆಲ್ಲ ಒಪ್ಪುತ್ತಾರೆಯೇ ಎಂದು ಅಪ್ಪಯ್ಯ ಗೊಣಗಿದ. ಆದರೆ ಹುಡುಗಿ ಬಂದೇಬಿಟ್ಟಳು, ಕಾರಿಳಿದು, ಚಪ್ಪಲಿ ಎಲ್ಲಿ ಬಿಡುವುದೆಂದು ತಿಳಿಯದೆ ಕೈಯಲ್ಲಿ ಹಿಡಿದುಕೊಂಡು. ಅರ್ಧ ಕನ್ನಡ, ಅರ್ಧ ಹಿಂದಿ. ಕುಚ್ಚಲಕ್ಕಿ ಗಂಜಿಗೆ ಉಪ್ಪಿನಕಾಯಿ ನೆಂಚಿಕೊಂಡು ಎರಡು ಸಲ ಹಾಕಿಸಿಕೊಂಡಳು. ಅವಳ ಮನೆಗೆ ಬಾವಿಯಿಲ್ಲ, ದನವಿಲ್ಲ. ಬಾಲ್ಕನಿಯಲ್ಲಿ ಬಂದು ಕೂರುವ ಒಂದು ಪಾರಿವಾಳ, ದಿನವೂ ಹತ್ತುವ ಲೋಕಲ್ ಟ್ರೈನು, ಅದರಲ್ಲಿ ಜಾಗ ಹಿಡಿದಿಡುವ ಒಬ್ಬಳು ಗೆಳತಿ. ಪದ್ದತ್ತೆ ಅದನ್ನೆಲ್ಲ ಬಿಟ್ಟ ಬಾಯಿ ಮುಚ್ಚದೆ ಕೇಳಿದಳು. ಹೊರಡುವ ಹೊತ್ತಿಗೆ ಹುಡುಗಿ ಅವಳ ಎರಡೂ ಕೈ ಹಿಡಿದು, "ಆಂಟೀ, ಬರೆಯುವುದು ನೀವು ಅಲ್ವಾ, ನೀವೇ ಹಾಡಿ ನಾ," ಎಂದಳು. ಅಡುಗೆಕೋಣೆಯಲ್ಲಿದ್ದ ಹೆಂಗಸರೆಲ್ಲ ನೆಲ ನೋಡಿದರು. ಪಾಪ, ಆ ಹುಡುಗಿಗೇನು ಗೊತ್ತು. ಪದ್ದತ್ತೆ ನಕ್ಕಳು. "ನನ್ ಗಂಟ್ಲ್ ಸರಿ ಇಲ್ಲೆ ಮಗಾ," ಎಂದಳು. ಮದುವೆಯ ದಿನ ಸುಬ್ಬಕ್ಕನ ಬಾಯಲ್ಲಿ ಶೋಭಾನೆಯೊಳಗೆ ಲೋಕಲ್ ಟ್ರೈನು ಓಡಿತು. ಊರು ಅದನ್ನು ಬಹಳ ದಿನ ಆಡಿಕೊಂಡಿತು. ನನಗೆ ಉಳಿದದ್ದು ಮಾತ್ರ ಹುಡುಗಿಯ ಕಾರು ತಿರುವು ದಾಟುವವರೆಗೂ ಕೈಯನ್ನು ಸೆರಗಿನಲ್ಲಿ ಒರೆಸುತ್ತಲೇ ನಿಂತಿದ್ದ ಪದ್ದತ್ತೆ.

ನನಗೆ ಮದುವೆಯಾಗಲಿಲ್ಲ. ಅದರಲ್ಲಿ ಹೇಳುವಂಥ ದೊಡ್ಡ ಕತೆಯೇನಿಲ್ಲ. ಒಂದೆರಡು ಸಂಬಂಧ ಬಂದವು, ಹೋದವು. ಆಮೇಲೆ ಬರುವುದೂ ನಿಂತಿತು. ಕುಂದಾಪುರದ ಸೊಸೈಟಿಯೊಂದರಲ್ಲಿ ಕೆಲಸ ಸಿಕ್ಕಿತು, ತಲ್ಲೂರಿನಲ್ಲಿ ಸಣ್ಣದೊಂದು ಮನೆ ಹಿಡಿದೆ. ಅಪ್ಪಯ್ಯ ಹೋದ ಮೇಲೆ ವಂಡ್ಸೆಯ ಮನೆ ಪಾಲಾಗಿ ಮಾರಾಟವಾದಾಗ, ಪದ್ದತ್ತೆ ಒಂದು ಟ್ರಂಕು ಮತ್ತು ಹಳೆಯ ಕ್ಯಾಲೆಂಡರುಗಳ ಸುರುಳಿ ಹಿಡಿದು ನನ್ನಲ್ಲಿಗೆ ಬಂದಳು. ಅಷ್ಟರಲ್ಲಿ ಹಾಡು ಕೇಳುವವರೇ ಇರಲಿಲ್ಲ. ಮದುವೆ ಹಾಲ್‌ಗಳಲ್ಲಿ ಪೆನ್‌ಡ್ರೈವ್ ಚುಚ್ಚಿದರೆ ಶೋಭಾನೆ ತಾನೇ ಬರುತ್ತಿತ್ತು, ಯಾವ ಹೆಣ್ಣಿನ ಹೆಸರೂ ಇಲ್ಲದೆ. ಸುಬ್ಬಕ್ಕನೂ ತೀರಿಕೊಂಡಿದ್ದಳು. ನನ್ನ ಹಾಡಿನ ಮಾತನ್ನು ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಆದರೆ ಬೇರೆಯವರ ಮದುವೆಯ ಕರೆಯೋಲೆ ಬಂದಾಗಲೆಲ್ಲ ನಾವಿಬ್ಬರೂ ಅದನ್ನು ಓದಿ ಒಬ್ಬರ ಮುಖ ಒಬ್ಬರು ನೋಡದೆ ಕಪಾಟಿನ ಮೇಲಿಡುತ್ತಿದ್ದೆವು. ನನಗೆ ಗಂಡನಿಲ್ಲದ ದುಃಖ ಅಷ್ಟಾಗಿ ಇರಲಿಲ್ಲ. ಪದ್ದತ್ತೆಯ ಹಾಡಿಲ್ಲದೆ ಉಳಿದವಳು ಎಂಬುದು ಮಾತ್ರ ಒಳಗೊಳಗೇ ನೋಯುತ್ತಿತ್ತು.

ಒಂದು ವಾರ ಅವಳು ನನ್ನನ್ನು ವಿಚಿತ್ರವಾಗಿ ಕಾಡಿದಳು. ಸೊಸೈಟಿಯಲ್ಲಿ ನನ್ನ ಪಕ್ಕ ಕೂರುವವರು ಯಾರು, ಬಸ್ಸಿನಲ್ಲಿ ಯಾವ ಸೀಟು, ಕಡೆಯ ಸಲ ಅತ್ತದ್ದು ಎಂತಕ್ಕೆ. ವಯಸ್ಸಾಯಿತು, ಅರಳುಮರಳು ಅಂದುಕೊಂಡೆ. ಭಾನುವಾರ ಬಸಳೆ ಸಾರು ಮಾಡಿ ತಟ್ಟೆ ಹಾಕಿದರೆ, "ತಟ್ಟಿ ಬ್ಯಾಡ, ಬಾಳೆಲೆ ಹಾಕ್. ಇವತ್ ನಾನ್ ನಿನ್ ಮನಿಗ್ ಊಟಕ್ ಬಂದದ್," ಎಂದಳು. ಬಾಳೆಲೆ ತರಲು ಹಿತ್ತಿಲಿಗೆ ಹೋದವಳಿಗೆ ಅರ್ಧ ದಾರಿಯಲ್ಲಿ ಅವಳ ಹಳೆಯ ಕರಾರು ನೆನಪಾಯಿತು. ಕೈಗೆ ಸಿಕ್ಕ ಎಲೆ ಬಿಟ್ಟು, ಹರಿಯದ ಅಗಲದ ಎಲೆಯೊಂದನ್ನು ಹುಡುಕಿ ಕೊಯ್ದೆ. ಅವಳು ನೆಂಟಳ ಹಾಗೆ ನಿಧಾನಕ್ಕೆ ಉಂಡು, ಕೈ ತೊಳೆದು, ಟ್ರಂಕಿನಿಂದ ಕ್ಯಾಲೆಂಡರಿನ ಹಾಳೆ ತೆಗೆದಳು. ಕನ್ನಡಕ ಏರಿಸಿಕೊಂಡಳು. ನಾನು, "ಅತ್ತೆ, ಹಾಡೂಕೆ ಸುಬ್ಬಕ್ಕ ಇಲ್ಲ್ಯಲೆ," ಎಂದೆ.

"ಸುಬ್ಬಿ ಎಂತಕೆ? ಮದಿ ಇಲ್ಲೆ, ಚಪ್ಪರ ಇಲ್ಲೆ. ನೀನ್ ಹಾಡೂಕಾಗ ಅಂದ್ ಹೇಳುಕೆ ಇಲ್ಲ್ ಯಾರಿದ್ರ್?"

ಹಾಡಿದಳು. ನಾನು ಅವಳ ದನಿಯಲ್ಲಿ ರಾಗ ಕೇಳಿದ್ದು ಅದೇ ಮೊದಲು. ದಪ್ಪ ದನಿ, ಅಲ್ಲಲ್ಲಿ ಒಡೆಯುತ್ತಿತ್ತು. ಶ್ರುತಿ ತಪ್ಪಿದಾಗ ತಾನೇ ನಕ್ಕು ಹಿಂದೆ ಹೋಗಿ ಸರಿಮಾಡಿಕೊಳ್ಳುವಳು. ಹಾಡಿನಲ್ಲಿ ನನ್ನ ಬಸ್ಸಿತ್ತು, ಪಾಯಸದ ಆಸೆಗೆ ಹಿಂದೆ ಬರುತ್ತಿದ್ದ ಹುಡುಗಿಯಿದ್ದಳು, ಊರೇ ನಗಬೇಕಾದ ಸಾಲುಗಳಿದ್ದವು. ನಗುವುದಕ್ಕೆ ನಾನೊಬ್ಬಳೇ ಇದ್ದೆ, ನಕ್ಕೆ. ಆಮೇಲೆ ಕೊನೆಯ ನುಡಿ ಬಂತು. ಅದು ಯಾರಿಗೆಂದು ಹೇಳುತ್ತಾಳೆ, ಇಲ್ಲಿ ಕೊಂಡು ಹೋಗುವವರಿಲ್ಲವಲ್ಲ ಎಂದು ನಾನು ಹಾಳೆಯತ್ತ ಬಗ್ಗಿದೆ.

"ಕೊಂಡು ಹೋಪವರಿಲ್ಲದೆ ನನಗುಳಿದ ಹೆಣ್ಣಿವಳು
ನನ ಪುಣ್ಯವೆನ್ನಿರೇ, ಶೋಭಾನೆ."

ನಾನು ಮದುಮಗಳಂತೆ ತಲೆ ತಗ್ಗಿಸಿ ಅತ್ತುಬಿಟ್ಟೆ. ಆಯುಷ್ಯವಿಡೀ ಬೇರೆಯವರ ದನಿಯಲ್ಲಿ ಹಾಡಿದವಳು ಒಮ್ಮೆ ತನ್ನದೇ ದನಿಯಲ್ಲಿ ಹಾಡಿದ್ದು ನನಗೋಸ್ಕರ. ಇಷ್ಟು ಯಾವ ಚಪ್ಪರದಲ್ಲಿ ಯಾರಿಗೆ ಸಿಕ್ಕಿದೆ, ನೀವೇ ಹೇಳಿ.

ಪದ್ದತ್ತೆ ಹೋಗಿ ಈಗ ಕೆಲವು ವರ್ಷಗಳಾದವು. ಹಾಳೆ ನನ್ನ ಕಪಾಟಿನಲ್ಲಿ, ಸೀರೆಗಳ ಅಡಿಯಲ್ಲಿದೆ. ಮೊನ್ನೆ ಸಂತೆಯಿಂದ ತಂದ ಸುರಗಿಯನ್ನು ಅದರ ಮಡಿಕೆಯೊಳಗಿಟ್ಟೆ. ಅವಳಿಟ್ಟ ಹಳೆಯದು ಪುಡಿಪುಡಿಯಾಗಿತ್ತು, ಘಮ ಮಾತ್ರ ಹೋಗಿರಲಿಲ್ಲ. ಕಾಗದವನ್ನು ಮತ್ತೆ ಮಡಿಸುವ ಮೊದಲು ಕೊನೆಯ ನುಡಿಯನ್ನು ಒಮ್ಮೆ ಹಾಡಿದೆ. ನನ್ನ ಗಂಟಲೂ ಸರಿ ಇಲ್ಲ. ಆದರೂ ಪೂರ್ತಿ ಹಾಡಿದೆ.