ಬಣ್ಣದ ಕೆಳಗಿನ ಹಳದಿ

ಸೈನ್ಯದ ಲಾರಿಗಳನ್ನು ರಿಪೇರಿ ಮಾಡುವ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಬಣ್ಣ ಹೊಡೆದವನ ಕಥೆ ಇದು. ನಾನು ಅಲ್ಲೇ ಲೇತ್ ಮುಂದೆ ನಿಂತು ವಯಸ್ಸು ಸವೆಸಿದವನು. ಅವನ ಹೆಂಡತಿಯ ತಮ್ಮ ಅದೇ ಬಣ್ಣದ ಕೋಣೆಗೆ ಕೆಲಸಕ್ಕೆ ಸೇರಿ ಹೊತ್ತಿಗೆ ಹತ್ತು ಸಲ ‘ಭಾವ, ಭಾವ’ ಅನ್ನುತ್ತಿದ್ದ. ಕೇಳಿ ಕೇಳಿ ಇಡೀ ಕಾರ್ಖಾನೆಗೇ ಅವನು ಭಾವನಾದ. ಮ್ಯಾನೇಜರ್ ಕೂಡ ಒಮ್ಮೆ ಬಾಯಿ ತಪ್ಪಿ ‘ಏನ್ ಭಾವ’ ಎಂದು ನಾಲಗೆ ಕಚ್ಚಿಕೊಂಡಿದ್ದರು.

ಕೆಲಸದಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ. ಬಣ್ಣ ಸಿಂಪಡಿಸುವ ಗನ್ ಹಿಡಿದು ಒಂದು ಸಲ ಕೈ ಬೀಸಿದನೆಂದರೆ ಬಣ್ಣ ಹಾಲಿನ ಕೆನೆಯ ಹಾಗೆ ಕೂರುತ್ತಿತ್ತು. ಒಂದು ತೊಟ್ಟು ಇಳಿದಿದ್ದನ್ನು ನಾನು ಕಂಡಿಲ್ಲ.

ಲಾರಿಗೆ ಮೊದಲು ಹಳದಿ ಪ್ರೈಮರ್, ಅದರ ಮೇಲೆ ಹಸಿರು. ಆ ಹಳದಿಯಲ್ಲಿ ಕ್ರೋಮ್ ಇರುತ್ತದೆ. ಅದು ತುಕ್ಕನ್ನು ಹತ್ತಿರ ಸೇರಿಸುವುದಿಲ್ಲ, ಉಸಿರಾಡುವವನನ್ನೂ ಸುಮ್ಮನೆ ಬಿಡುವುದಿಲ್ಲ. ಬಾಮೈದನಿಗೆ ನಾಲ್ಕನೇ ವರ್ಷಕ್ಕೆ ಮೂಗಿನಿಂದ ರಕ್ತ ಶುರುವಾಯಿತು. ಡಾಕ್ಟರು ಬೆಳಕು ಬಿಟ್ಟು ನೋಡಿದರೆ ಮೂಗಿನ ಒಳಗೋಡೆಯಲ್ಲಿ ತೂತು.

“ಮೂಗುದಾರ ಪೋಣಿಸೋಕೆ ಸರ್ಕಾರವೇ ತೂತು ಕೊರೆದು ಕೊಟ್ಟಿದೆ ಭಾವ, ಇನ್ನು ನೇಗಿಲು ಒಂದು ಕಟ್ಟಿದ್ರೆ ಆಯ್ತು” ಎಂದು ಅವನು ನಗಾಡಿದ. ಭಾವ ನಗಲಿಲ್ಲ. ಆ ಹುಡುಗನನ್ನು ಕೆಲಸಕ್ಕೆ ಸೇರಿಸಲು ಕಂಡವರ ಕೈಕಾಲು ಹಿಡಿದವನು ಅವನೇ. ಹುಡುಗನನ್ನು ಬೇರೆ ವಿಭಾಗಕ್ಕೆ ಹಾಕಿ ಎಂದು ಅರ್ಜಿ ಕೊಟ್ಟರೆ ‘ಜಾಗ ಖಾಲಿ ಇಲ್ಲ’ ಎಂದು ವಾಪಸು ಬಂತು.

ಅಂಥ ಹೊತ್ತಿನಲ್ಲಿ ಪ್ರಯೋಗಾಲಯದ ಮೇಡಂ ಬಂದರು. ಸೈನ್ಯದ ಸಾಮಾನಿಗೆ ಬಳಿಯುವ ವಿಷ ಬಿಟ್ಟು, ಅದಕ್ಕಿಂತ ಗಟ್ಟಿಯಾಗಿ ಬಾಳುವ ಬಣ್ಣ ಹುಡುಕಲು ರಕ್ಷಣಾ ಇಲಾಖೆ ಅವರಿಗೆ ಮೂರು ವರ್ಷದ ಅನುದಾನ ಕೊಟ್ಟಿತ್ತು. ಅದು ಮುಗಿಯುತ್ತಾ ಬಂದಿತ್ತು. ಕೊನೆಯ ಉಪ್ಪುನೀರಿನ ಪರೀಕ್ಷೆಯಲ್ಲಿ ಹೊಸ ಬಣ್ಣ ತುಕ್ಕು ತಡೆದು ಗೆದ್ದರೆ ಅನುದಾನ ಮುಂದುವರಿಯುತ್ತದೆ, ಹಳದಿ ಹೋಗಿ ಹೊಸದು ಬರುವ ಮೊದಲ ಕೋಣೆ ನಮ್ಮದು. ಸೋತರೆ ಅಲ್ಲಿಗೆ ಮಂಗಳ.

“ಲ್ಯಾಬಲ್ಲಿ ನಾವು ಹೊಡೆದ್ರೆ ಅದು ಲ್ಯಾಬಿನ ಬಣ್ಣ. ಲಾರಿಗೆ ಹೊಡೆಯೋ ಕೈ ಬೇಕು ನನಗೆ” ಎಂದು ಮೇಡಂ ಇಪ್ಪತ್ತನಾಲ್ಕು ತಗಡುಗಳನ್ನು ಭಾವನ ಮುಂದಿಟ್ಟರು. “ಒಂದೇ ಮಾತು. ಹಳದಿ ಒಂದು ಹನೀನೂ ಸೋಕಬಾರದು.”

“ಆಯ್ತು ತಾಯಿ.”

ಬಣ್ಣದ ಕೋಣೆಯವರಿಗೆ ಒಂದು ರೂಢಿ ಇತ್ತು, ಅದು ಯಾವ ಪುಸ್ತಕದಲ್ಲೂ ಇಲ್ಲ. ಗನ್ ಹಿಡಿಯುವ ಮೊದಲು ಹಳದಿಯನ್ನು ತೆಳ್ಳಗೆ ಕಲಸಿ, ಬಟ್ಟೆ ಅದ್ದಿ, ತಗಡಿನ ಅಂಚನ್ನೂ ಬೋಲ್ಟಿನ ತೂತುಗಳ ಸುತ್ತಲನ್ನೂ ಒರೆಸುವುದು. ತುಕ್ಕು ಮೊದಲು ಹಲ್ಲು ಊರುವುದು ಅಲ್ಲೇ. ಹಾಗೆ ಒರೆಸದ ತಗಡು ಭಾವನ ಕೈಯಿಂದ ಎಂದೂ ಹೊರಬಿದ್ದಿರಲಿಲ್ಲ.

ಡಬ್ಬ ತೆರೆದು ನೋಡಿದರೆ ಹೊಸ ಬಣ್ಣ ನೀರುನೀರಾಗಿ, ಜೀವವೇ ಇಲ್ಲದ ಹಾಗಿತ್ತು. ಇದು ಉಪ್ಪುನೀರಿಗೆ ನಿಲ್ಲುತ್ತದೆಯೇ? ಆಚೆ ಬಾಗಿಲಲ್ಲಿ ಬಾಮೈದ ತಲೆ ಹಿಂದಕ್ಕೆ ಹಾಕಿ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಕೂತಿದ್ದ. ಭಾವ ಸುತ್ತ ಒಮ್ಮೆ ನೋಡಿ, ಹಳದಿಗೆ ಬಟ್ಟೆ ಅದ್ದಿದ.

ತಗಡುಗಳು ಉಪ್ಪುನೀರಿನ ಮಂಜು ಕವಿಯುವ ಪೆಟ್ಟಿಗೆಯೊಳಗೆ ಆರು ವಾರ ಕೂತವು. ತೆಗೆದರೆ ಒಂದಕ್ಕೂ ತುಕ್ಕಿಲ್ಲ! ಮೇಡಂ ನಮಗೆಲ್ಲ ಟೀ ಕೊಡಿಸಿದರು. ಭಾವನ ಕೈ ಕುಲುಕಿ, “ನಿಮ್ಮ ಕೈಗುಣ” ಎಂದರು. ಅವನು ತಲೆ ಎತ್ತಲಿಲ್ಲ. ನಾಚಿಕೆ ಇರಬೇಕು ಎಂದುಕೊಂಡೆ.

ಮರುವಾರ ಅನುದಾನದ ಸಮಿತಿ ಬಂತು. ಅದರಲ್ಲೊಬ್ಬ ಮುದುಕ, ಬೆಣ್ಣೆಯಲ್ಲೂ ಕಲ್ಲು ಹುಡುಕುವ ಜಾತಿ. ಜೇಬಿನಿಂದ ಚಾಕು ತೆಗೆದು ತಗಡಿನ ಅಂಚನ್ನು ಕೆರೆದ.

“ಇದೇನಮ್ಮ, ಹಳದಿ?”

ಮೇಡಂ ತಗಡನ್ನು ಬೆಳಕಿಗೆ ಹಿಡಿದು ನೋಡಿದರು. “ಗೊತ್ತಿಲ್ಲ ಸರ್.”

“ಮೂರು ವರ್ಷ ಅನುದಾನ ತಗೊಂಡು ಗೊತ್ತಿಲ್ಲ ಅಂದ್ರೆ?”

ಗೋಡೆಗೆ ಒರಗಿ ನಿಂತಿದ್ದ ಭಾವ ಮುಂದೆ ಬಂದ. “ಬೈಬೇಡಿ ಸ್ವಾಮಿ. ಒರೆಸಿದ್ದು ನಾನು.”

“ಯಾಕೆ?” ಎಂದರು ಮೇಡಂ. ಅದು ಕೂಗೂ ಅಲ್ಲ, ಮಾತೂ ಅಲ್ಲ.

“ಗೆಲ್ಲಲಿ ಅಂತ ತಾಯಿ.”

“ಎಲ್ಲದಕ್ಕೂ ಒರೆಸಿದ್ರಾ?”

“ನಾಕು ಬಿಟ್ಟು. ಊಟದ ಗಂಟೆ ಹೊಡೀತು. ವಾಪಸು ಬರೋ ಹೊತ್ತಿಗೆ ಸೂಪರ್‌ವೈಸರ್ ಪಕ್ಕದಲ್ಲಿ ನಿಂತಿದ್ದ.”

ಒಂದೊಂದಾಗಿ ಕೆರೆದರು. ಇಪ್ಪತ್ತರಲ್ಲಿ ಹಳದಿ ಇತ್ತು. ನಾಲ್ಕರಲ್ಲಿ ಇರಲಿಲ್ಲ. ಆ ನಾಲ್ಕರ ಅಂಚಿನಲ್ಲಿ, ತೂತಿನಲ್ಲಿ, ಎಲ್ಲೂ ತುಕ್ಕು ಇರಲಿಲ್ಲ. ಮೇಡಂ ಅವನ್ನು ಎದೆಗೆ ಅವುಚಿಕೊಂಡು, “ನೋಡಿ ಸರ್, ಬಣ್ಣ ತಾನೇ ನಿಂತಿದೆ. ಇನ್ನೊಂದು ಸಲ ಪರೀಕ್ಷೆ ಮಾಡಿ, ಆರೇ ವಾರ” ಎಂದು ಬೇಡಿಕೊಂಡರು.

“ಇಪ್ಪತ್ತರಲ್ಲಿ ಮೋಸ ಮಾಡಿದ ಕೈ ನಾಲ್ಕರಲ್ಲಿ ಸತ್ಯ ಹೇಳ್ತು ಅಂತ ನಾನು ಬರೀಲಾ?” ಎಂದು ಮುದುಕ ಚಾಕು ಮಡಚಿದ.

ಅನುದಾನ ನಿಂತಿತು. ಮೇಡಂ ಪೆಟ್ಟಿಗೆ ಕಟ್ಟಿಸುವ ದಿನ ಭಾವ ಎತ್ತಿಕೊಡಲು ಹೋದ. ಅವರು ಅವನ ಕೈಯಿಂದ ಪೆಟ್ಟಿಗೆ ಬಿಡಿಸಿಕೊಂಡು, “ಭಯ ಇದ್ರೆ ನನ್ನ ಹತ್ರ ಒಂದು ಮಾತು ಹೇಳಬಹುದಿತ್ತಲ್ಲ” ಎಂದಷ್ಟೇ ಹೇಳಿ ಜೀಪು ಹತ್ತಿದರು.

ಅವನಿಗೆ ಬಡ್ತಿ ತಪ್ಪಿತು, ಕೋಣೆ ತಪ್ಪಲಿಲ್ಲ. ಅಂಥ ಕೈ ಇನ್ನೊಂದು ಎಲ್ಲಿತ್ತು? ಹಳದಿಯ ಹೊಸ ಡ್ರಮ್ಮುಗಳು ಬಂದಿಳಿದ ದಿನ ಅವನು ಬಾಮೈದನ ಕೈಯಿಂದ ಗನ್ ಕಿತ್ತುಕೊಂಡ.

“ನೀನು ಅಂಗಳದಲ್ಲಿ ತಗಡು ಉಜ್ಜು. ಇನ್ಮೇಲೆ ಎರಡು ಪಾಲೂ ನಾನೇ ಹೊಡೀತೀನಿ.”

ಸೂಪರ್‌ವೈಸರ್ ಕಂಡೂ ಕಾಣದ ಹಾಗಿದ್ದ. ಲಾರಿ ಹೊರಗೆ ಹೋದರೆ ಅವನಿಗೆ ಸಾಕು. ಬಾಮೈದ ಮಾತ್ರ ಬಾಗಿಲಲ್ಲೇ ನಿಂತ. ನಾನು ಪಕ್ಕದಲ್ಲಿದ್ದೆ.

“ಇದನ್ನ ಮೊದಲೇ ಮಾಡಬಹುದಿತ್ತಲ್ಲ ಭಾವ. ಆ ಯಮ್ಮನ ಹೊಟ್ಟೆ ಮೇಲೆ ಯಾಕೆ ಹೊಡೆದ್ರಿ?”

ಭಾವ ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದ. ಗಂಟು ಬಿಗಿದು, “ಆಗ ನನಗೂ ಬದುಕೋ ಆಸೆ ಇತ್ತು ಕಣೋ” ಎಂದು ಒಳಗೆ ಹೋಗಿ ಬಾಗಿಲು ಎಳೆದುಕೊಂಡ.