ಮಲಗಿಸಲು ಜಾಗವಿಲ್ಲದ ಗಾಡಿ

ಚಾಚಾನ ಕಣ್ಣರೆಪ್ಪೆಗಳು ಕೆಂಪಗಿದ್ದವು. ಬಣ್ಣ ಹಚ್ಚಿದ್ದಲ್ಲ, ಮೆಣಸಿನಕಾಯಿಯ ಧೂಳು. ಬೆಳಗಾವಿಯ ರವಿವಾರ ಪೇಟೆಯಲ್ಲಿ ಹರೆಯದಿಂದಲೂ ಒಣಮೆಣಸಿನಕಾಯಿಯ ಸಗಟು ವ್ಯಾಪಾರ ಮಾಡಿದ ಮನುಷ್ಯ. ಆ ಧೂಳು ರೆಪ್ಪೆಯ ಬುಡದಲ್ಲಿ, ಉಗುರಿನ ಸಂದಿಯಲ್ಲಿ, ಎರಡು ಸಲ ಮುರಿದು ವಾರೆಯಾಗಿ ಕೂತ ಮೂಗಿನ ಗೀರಿನಲ್ಲಿ ಮನೆ ಮಾಡಿತ್ತು. ಅಂಗಡಿಗೆ ಬಂದವರು ಸೀನಿ ಸೀನಿ ಸುಸ್ತಾಗುತ್ತಿದ್ದರೆ ಅವರು ಚಹಾ ಹೀರುತ್ತ, “ಮೊದಲ ಮೂಗ ಖಾಲಿ ಮಾಡ್ಕೋರಿ, ಆಮ್ಯಾಲೆ ಮಾಲಿನ ಭಾವ ಮಾತಾಡೂಣು” ಎನ್ನುತ್ತಿದ್ದರು.

ಬಾಜೂಕೆ ನಮ್ಮ ಬೆಲ್ಲದ ಅಂಗಡಿ. ನಾವು ಲಿಂಗ ಕಟ್ಟಿದವರು, ಅವರು ನಮಾಜಿನವರು. ನಡುವೆ ಒಂದು ಗೋಡೆ, ಗೋಡೆಯಲ್ಲಿ ಚಹಾದ ಕಪ್ಪು ದಾಟಿಸುವಷ್ಟು ಒಂದು ಕಿಂಡಿ. ಅವರನ್ನು ಚಾಚಾ ಎನ್ನಲು ನನಗೆ ಕಲಿಸಿದವರು ನಮ್ಮ ಅಜ್ಜ. “ಸಿಟ್ಟಿನ ಮನಶಾ ಅಂವಾ. ಆದರ ಅವನ ಸಿಟ್ಟಿಗೆ ಒಂದು ನ್ಯಾಯ ಇರತೈತಿ” ಎಂದು ಅಜ್ಜ ಹೇಳುತ್ತಿದ್ದರು.

ಆ ನ್ಯಾಯವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಮ್ಮೆ ಒಬ್ಬ ದಲ್ಲಾಳಿ, ಚೀಲ ಹೊರುವ ಹಮಾಲನನ್ನು ತಾಯಿಯ ಹೆಸರೆತ್ತಿ ಬೈದ. ಚಾಚಾ ಗಾದಿಯಿಂದ ಎದ್ದು ಬಂದು ಅವನ ಬಾಯಿಗೆ ಗುದ್ದಿದರು. ಹಲ್ಲೊಂದು ಮೆಣಸಿನಕಾಯಿ ರಾಶಿಯೊಳಗೆ ಹಾರಿತು. ದಲ್ಲಾಳಿಯೂ ಅದರ ಮೇಲೇ ಬಿದ್ದ. ಬಾಯಿಯ ಗಾಯಕ್ಕೆ ಖಾರ ಹತ್ತಿ ಬೀದಿಗೆ ಬಂದು ಉರುಳಾಡಿದ. ಚಾಚಾ ತಾವೇ ಕೊಡದಲ್ಲಿ ನೀರು ತಂದು ಅವನ ಬಾಯಿ ತೊಳೆದರು. ತೊಳೆಯುತ್ತಲೇ, “ಹಲ್ಲ ನಾ ಹುಡುಕಿ ಕೊಡ್ತೀನಿ. ಆಡಿದ ಮಾತ ನೀ ವಾಪಸ್ ತಗೋ” ಎಂದರು.

ಇಂಥವರಿಗೆ ಇದ್ದ ಷೋಕಿ ಒಂದೇ, ಜಪಾನಿ ಗಾಡಿ. ಎರಡೇ ಬಾಗಿಲಿನ, ನೆಲಕ್ಕೆ ಹೊಟ್ಟೆ ತಾಗುವಂತಿದ್ದ, ಬೆನ್ನ ಮೇಲೆ ರೆಕ್ಕೆ ಹೊತ್ತ ನೀಲಿ ಓಟದ ಗಾಡಿ. ಗೋವಾದಲ್ಲಿ ಹಡಗಿನ ನೌಕರಿ ಮಾಡಿದವನೊಬ್ಬನಿಂದ ಕೊಂಡದ್ದು. ತಯಾರಿಸುವುದನ್ನು ಕಂಪನಿಯವರು ಬಿಟ್ಟೇ ಬಹಳ ವರ್ಷವಾಗಿ, ಅಂಥದು ದೇಶದಲ್ಲೇ ಬೆರಳೆಣಿಕೆಯಷ್ಟು ಉಳಿದಿದ್ದವಂತೆ. ಪುಣೆಯ ಹುಡುಗರು ಫೋಟೋ ತೆಗೆಯಲು ಬರುತ್ತಿದ್ದರು, ಹಳೆಯ ಗಾಡಿ ಕೂಡಿಡುವ ಸಿರಿವಂತರು ಬೆಲೆ ಕೇಳಲು. ಸದಾಶಿವನಗರದ ಮನೆಯ ಷೆಡ್ಡಿನಲ್ಲಿ ಅದು ಇರುತ್ತಿತ್ತು. ಮಕ್ಕಳಿಲ್ಲದ ಚಾಚಾ ಅದನ್ನು ಮುಟ್ಟಲು ಬಿಡುತ್ತಿದ್ದದ್ದು ಅಣ್ಣನ ಮಗನಿಗೆ ಮಾತ್ರ. ಅವನು ಶುಕ್ರವಾರ ಶುಕ್ರವಾರ ಅದನ್ನು ತೊಳೆದು ಒರೆಸುತ್ತಲೇ ಮೀಸೆ ಬಂದವನು. ಮುಂದೆ ಅದು ತನ್ನದೇ ಎಂದು ಅವನು ತಿಳಿದಿದ್ದ. ಅಲ್ಲವೆಂದು ಚಾಚಾ ಎಂದೂ ಹೇಳಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ರವಿವಾರ ನಾನು ಟೆಂಪೋದಲ್ಲಿ ಬೆಲ್ಲ ಹೇರಿಕೊಂಡು ಖಾನಾಪುರಕ್ಕೆ ಹೊರಟಿದ್ದೆ. ದೇಸೂರ ದಾಟಿದ ಮೇಲೆ ರಸ್ತೆಯಲ್ಲಿ ಒಬ್ಬ ಮನುಷ್ಯ ಬಿದ್ದಿದ್ದ, ಬಾಜೂಕೆ ನುಗ್ಗಾದ ಸೈಕಲ್ಲು. ಯಾವುದೋ ಗಾಡಿ ಹಾಯ್ದು ಹೋಗಿತ್ತು. ಇಳಿದು ಅವನ ತಲೆ ಎತ್ತಿದೆ, ಕೈಯೆಲ್ಲ ರಕ್ತವಾಯಿತು. ಅಷ್ಟರಲ್ಲಿ ಜನ ಕೂಡಿದರು. ರಕ್ತದ ಕೈ, ನಿಂತ ಟೆಂಪೋ, ಅವರಿಗೆ ಅಷ್ಟು ಸಾಕಾಯಿತು.

“ಇವನ ಹಾಯಿಸ್ಯಾನ, ಬಿಡಬ್ಯಾಡ್ರಿ” ಎಂದು ಒಬ್ಬ ಕನ್ನಡದಲ್ಲಿ ಕೂಗಿದ. “ಸೋಡೂ ನಕಾ” ಎಂದು ಇನ್ನೊಬ್ಬ ಅದನ್ನೇ ಮರಾಠಿಯಲ್ಲಿ. ಏಟಿಗೆ ಭಾಷೆ ಇರಲಿಲ್ಲ. ಮೊದಲು ಕೆನ್ನೆಗೆ, ಆಮೇಲೆ ಹೊಟ್ಟೆಗೆ ಒದೆ, ಆಮೇಲೆ ಕಟ್ಟಿಗೆ. ಹೆಗಲ ಎಲುಬು ಮುರಿದ ಸಪ್ಪಳ ನನಗೇ ಕೇಳಿಸಿತು. “ನಾ ಅಲ್ಲರೀ” ಎಂದು ಬಾಯಿ ತೆರೆದರೆ ಚಪ್ಪಲಿಯ ಕಾಲೊಂದು ಬಾಯಿಯನ್ನೇ ತುಳಿಯಿತು.

ಆಗ ಆ ನೀಲಿ ಗಾಡಿ ಗುಂಪಿನ ಮೇಲೇ ಬಂತು. ಜನ ಚೆದುರಿದರು. ರವಿವಾರದ ತಿರುಗಾಟಕ್ಕೆ ಹೊರಟಿದ್ದ ಚಾಚಾ ಕೈಯಲ್ಲಿ ನಟ್ಟು ಬಿಚ್ಚುವ ದೊಡ್ಡ ಪಾನಾ ಹಿಡಿದು ಇಳಿದರು. ಕಟ್ಟಿಗೆ ಎತ್ತಿದವನ ಮಣಿಕಟ್ಟಿಗೆ ಒಂದು ಕೊಟ್ಟರು; ಕಟ್ಟಿಗೆ ಬಿತ್ತು, ಅವನೂ ಕೂತ.

“ಇಂವಾ ನಮ್ಮ ಪೇಟಿ ಬೆಲ್ಲದ ಅಂಗಡಿ ಹುಡುಗ. ಹಾಯಿಸಿದ್ರ ಪೊಲೀಸರ ಕಡೆ ನಾನ ಒಯ್ತೀನಿ. ಅಲ್ಲಿ ಬಿದ್ದಾಂವ ಜೀವ ಬಿಡಾಕತ್ತಾನ. ಅವನ್ನ ಎತ್ತಾಕ ಒಬ್ಬರ ಕೈನೂ ಖಾಲಿ ಇಲ್ಲೇನು?”

ಹೊಡೆಯುತ್ತಿದ್ದ ಕೈಗಳೇ ಅವನನ್ನು ಎತ್ತಿದವು. ಹಿಂದಿನ ಸೀಟು ಹೆಸರಿಗೆ ಮಾತ್ರ. ಅಲ್ಲಿ ನನ್ನನ್ನು ಮಡಚಿ ತುರುಕಿದರು. ಅವನನ್ನು ಮುಂದೆ ಕೂರಿಸಿದರು. ಓಟದ ಗಾಡಿಯ ಆ ಸೀಟು ಮೈಯನ್ನು ಬಿಗಿಯಾಗಿ ಹಿಡಿಯುವಂಥದು, ಹಿಂದಕ್ಕೆ ಬಾಗುವುದಿಲ್ಲ. ಗಾಡಿ ಬಾಣದ ಹಾಗೆ ಹೋಯಿತು. ಚಾಚಾ ಒಂದು ಕೈಯಲ್ಲಿ ಸ್ಟೇರಿಂಗು, ಇನ್ನೊಂದರಲ್ಲಿ ಅವನ ಗದ್ದ ಹಿಡಿದಿದ್ದರು. ಅವನ ಗಂಟಲು ಗುಳುಗುಳು ಎನ್ನುತ್ತಿತ್ತು. ಖಾನಾಪುರ ಬರುವ ಮೊದಲೇ ಆ ಸಪ್ಪಳ ನಿಂತಿತು.

ಅಲ್ಲಿಯ ಧರ್ಮಾರ್ಥ ದವಾಖಾನೆಯ ಡಾಕ್ಟರಮ್ಮ, ಆ ಕಡೆಯವರ ಮಾತಿನಲ್ಲಿ ಡಾಕ್ಟರ ಬಾಯಿ, ಹೊರಗೆ ಓಡಿ ಬಂದು, ಅವನ ಕಣ್ಣು ಬಿಡಿಸಿ ನೋಡಿ ತಲೆ ಅಲ್ಲಾಡಿಸಿದರು. “ಕುಂದರಿಸಿ ತಂದೀರಿ. ರಕ್ತ ಎಲ್ಲಾ ಉಸಿರಿನ ದಾರ್ಯಾಗ ಇಳದೈತಿ. ಮಗ್ಗಲಾಗಿ ಮಲಗಿಸಿ ತಂದಿದ್ರ ಉಳೀತಿದ್ದನೋ ಏನೋ.”

“ನಿಮ್ಮ ಆಂಬುಲೆನ್ಸ್?” ಚಾಚಾ ಕೇಳಿದರು.

“ಇರೂದ ಒಂದು. ಕಾಡಿನ ಕಡೆ ಹೆರಿಗಿಗೆ ಹೋಗೈತಿ.”

ಚಾಚಾ ಮೆಟ್ಟಿಲ ಮೇಲೆ ಕೂತರು. “ಇಷ್ಟು ಓಡೂ ಗಾಡಿ. ಒಬ್ಬ ಮನಶಾನ ಮಲಗಿಸಾಕ ಜಾಗಾ ಇಲ್ಲ” ಎಂದರು. ಅಲ್ಲಿಂದ ಏಳುವ ಮೊದಲೇ ಅವರು ಡಾಕ್ಟರ ಬಾಯಿಗೆ ಮಾತು ಕೊಟ್ಟಾಗಿತ್ತು: ಗಾಡಿ ದವಾಖಾನೆಗೆ ದಾನ, ಅವರು ಅದನ್ನು ಹರಾಜು ಹಾಕಿ ಇನ್ನೊಂದು ಆಂಬುಲೆನ್ಸ್ ಕೊಳ್ಳಬೇಕು.

ಅಣ್ಣನ ಮಗ ಊಟ ಬಿಟ್ಟ, ಮಾತು ಬಿಟ್ಟ. ಚಾಚಾ ಕರಗಲಿಲ್ಲ. ಬಕ್ರೀದಿಗೆ ಕುರಿ ಆರಿಸುವಾಗ ಅವನಿಗೆ ಚಾಚಾ ಕಲಿಸಿದ್ದ ಪಾಠವೊಂದಿತ್ತು: ಕೊಡುವ ಪ್ರಾಣಿಗೆ ಐಬು ಇರಬಾರದು, ಕಣ್ಣು ಹೋದದ್ದು ನಡೆಯುವುದಿಲ್ಲ. ಗಾಡಿಗೂ ಆ ನಿಯಮ ಇದೆಯೆಂದು ಯಾವ ಮೌಲ್ವಿಯೂ ಹೇಳಲಿಕ್ಕಿಲ್ಲ. ಆದರೆ ಚಾಚಾ, ಅಣ್ಣನ ಮಗ ಇಬ್ಬರೂ ಅದನ್ನು ಪ್ರಾಣಿಯೆಂದೇ ನಂಬಿದವರು.

ನನ್ನ ಎಲುಬು ಕೂಡಿದ ಮೇಲೆ, ಗಾಡಿ ಒಪ್ಪಿಸುವ ದಿನ, ಚಾಚಾ ನನ್ನನ್ನೂ ಕರೆದರು. ಷೆಡ್ಡಿನ ಬಾಗಿಲು ತೆಗೆಯುವುದಕ್ಕೂ ಅಣ್ಣನ ಮಗ ಕಬ್ಬಿಣದ ಹಾರೆ ಹಿಡಿದು ಬರುವುದಕ್ಕೂ ಸರಿಹೋಯಿತು. ಮನೆಯಲ್ಲಿ ಅವರದು ಉರ್ದು. ಸಿಟ್ಟು ಬಂದರೆ ಇಬ್ಬರೂ ಪೇಟೆಯ ಕನ್ನಡಕ್ಕೆ ಇಳಿಯುತ್ತಿದ್ದರು.

“ಚಾಚಾ, ಇದರ ಒಂದ ಕಣ್ಣ ಒಡೀತೀನಿ. ಕಣ್ಣ ಹೋದದ್ದು ಕೊಡಾಕ ಬರೂದಿಲ್ಲ, ನೀವ ಕಲಿಸೀರಿ.”

“ಹಾರಿ ಕೆಳಗ ಇಡು.”

“ಗುರುತ ಇಲ್ಲದಾಂವ ಸತ್ತದ್ದಕ್ಕ ನನ್ನ ಗಾಡಿ ಯಾಕ ಹೋಗಬೇಕು?”

“ನಿನ್ನ ಗಾಡಿ?”

“ತೊಳದಾಂವ ನಾನು.”

“ತೊಳದಿ. ಸೀಟಿನ ರಕ್ತ ಹೋತೇನು?”

ಅವನು ಹಾರೆ ಬೀಸಿದ. ಚಾಚಾ ಬಲಗೈಯನ್ನು ಗಾಡಿಯ ಮುಂದಿನ ದೀಪದ ಮೇಲೆ ಹರವಿದರು. ಹಸಿ ಕಬ್ಬು ಮುರಿದ ಸಪ್ಪಳವಾಯಿತು. ಬೆರಳುಗಳು ಅಡ್ಡ ತಿರುಗಿ, ಒಂದರ ಎಲುಬು ತೊಗಲು ಹರಿದು ಹೊರಗೆ ಬಂತು. ಅವನು ಮತ್ತೆ ಹಾರೆ ಎತ್ತುತ್ತಿದ್ದಂತೆ ಚಾಚಾ ಎಡಗೈಯಿಂದ ಅವನ ಅಂಗಿ ಹಿಡಿದು ಎಳೆದು, ಹಣೆಯಿಂದ ಅವನ ಮುಖಕ್ಕೆ ಗುದ್ದಿದರು. ಅವನು ಮೂಗು ಹಿಡಿದುಕೊಂಡು ನೆಲಕ್ಕೆ ಕುಸಿದ.

“ಏಳು. ದೀಪ ಒರಸು. ತೊಳದಾಂವ ನೀನ ಅಲ್ಲಾ?”

ಅವನು ಅಳುತ್ತ ಎದ್ದು ಅಂಗಿಯ ತುದಿಯಿಂದ ಒರೆಸಿದ. ಅವನ ಮೂಗಿನ ರಕ್ತ ಮತ್ತೆ ಮತ್ತೆ ಅದರ ಮೇಲೇ ತೊಟ್ಟಿಕ್ಕುತ್ತಿತ್ತು. ಕೊನೆಗೂ ದೀಪ ಸ್ವಚ್ಛವಾಯಿತು. ಒಂದು ಗೀರೂ ಇರಲಿಲ್ಲ.

“ಐಬು ನನ್ನ ಕೈಗೆ ಬಂತು” ಎಂದರು ಚಾಚಾ. “ಗಾಡಿ ಹಂಗ ಸಾಬೂತ ಐತಿ.”

ಬೆಳಗಾವಿಯಲ್ಲೇ ಕೈ ತೋರಿಸೋಣವೆಂದು ನಾನು ಗೋಗರೆದೆ. “ನಾವು ಹೊಂಟದ್ದೂ ದವಾಖಾನಿಗೇನ. ನಡಿ” ಎಂದು ನನ್ನನ್ನೇ ಸ್ಟೇರಿಂಗಿಗೆ ಕೂರಿಸಿದರು. ದಾರಿಯುದ್ದಕ್ಕೂ ಟಾವೆಲ್ ಸುತ್ತಿದ ಕೈಯನ್ನು ಎದೆಗೆ ಅಡ್ಡವಾಗಿ ಚಾಚಿ ಕಿಟಕಿಯ ಹೊರಗೆ ಹಿಡಿದಿದ್ದರು, ಸೀಟಿಗೆ ಇನ್ನಷ್ಟು ರಕ್ತ ಬೀಳಬಾರದೆಂದು. ನನ್ನನ್ನು ಕೆಡವಿ ಹೊಡೆದ ಜಾಗ ಬಂದಾಗ ನನ್ನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. “ಬಿದ್ದಾಂವ ಯಾವನೂ ಇಲ್ಲ. ಹೋಗು” ಎಂದರು.

ಖಾನಾಪುರದಲ್ಲಿ ಡಾಕ್ಟರ ಬಾಯಿ ಆ ಕೈ ನೋಡಿ, “ಮೊದಲ ಒಳಗ ನಡೀರಿ” ಎಂದರು.

“ಮೊದಲ ಕೀಲಿ ತಗೋರಿ.”

ನಾನು ಕೊಟ್ಟ ಕೀಲಿಯನ್ನು ಚಾಚಾ ಎಡಗೈಯಲ್ಲಿ ಹಿಡಿದರು. ಆಮೇಲೆ ನನಗೇ ಮರಳಿಸಿದರು. “ಎಡಗೈಲೆ ಕೊಡೂದು ನಿಮ್ಮನ್ಯಾಗೂ ಇಲ್ಲ, ನಮ್ಮನ್ಯಾಗೂ ಇಲ್ಲ. ನೀ ಕೊಡು, ತಮ್ಮಾ.”

“ಗಾಡಿ ನಿಮ್ಮದು, ಚಾಚಾ.”

“ಜೀವ ಉಳದದ್ದು ನಿಂದು. ಲಗೂನ ಕೊಡು, ಕೈ ಸಿಡಿಯಾಕತ್ತೈತಿ.”

ಕೊಟ್ಟೆ. ಅವರು ನಕ್ಕು ಒಳಗೆ ಹೋದರು. ಅವತ್ತು ಅವರ ಎರಡು ಬೆರಳು ತೆಗೆಯಬೇಕಾಯಿತು.

ಹೋದ ವರ್ಷ ಚಾಚಾ ಅಂಗಡಿಯ ಗಾದಿಯ ಮೇಲೇ ತೀರಿಕೊಂಡರು. ಖಾನಾಪುರದ ಕಡೆ, ಗಾಡಿ ಮಾರಿ ಕೊಂಡ ಆ ಹೊಸ ಆಂಬುಲೆನ್ಸಿನ ಮಾತು ಬಂದರೆ ಯಾರಾದರೂ ನನ್ನನ್ನು ತೋರಿಸಿ, “ಕೀಲಿ ಕೊಟ್ಟಾಂವ ಇವನ ನೋಡ್ರಿ” ಎನ್ನುವುದುಂಟು. ನಾನು ಏನನ್ನೂ ಕೊಟ್ಟವನಲ್ಲ. ಆ ಗಾಡಿಯಿಂದ ಜೀವ ಪಡೆದವರಲ್ಲಿ ಮೊದಲಿನವನು.